ಹಿಂದೆ ಬಿದ್ದಾಗ ತಾನೇ ಹೇಳುವಂಥ ಪ್ಲ್ಯಾನ್ ಬರೆಯುವುದು ಹೇಗೆ

ಕಟ್ಟಡ ಕೆಲಸಗಳಿಗೆ ವೇಳಾಪಟ್ಟಿ ಹಾಕುವುದು ನನ್ನ ಉದ್ಯೋಗ. ಯಾವ ಕೆಲಸ ಯಾವಾಗ ಶುರುವಾಗಬೇಕು, ಯಾವುದಕ್ಕೆ ಯಾವುದು ಕಾಯಬೇಕು, ಎಲ್ಲಿ ತಡವಾದರೆ ಇಡೀ ಕಟ್ಟಡವೇ ತಡವಾಗುತ್ತದೆ ಅನ್ನುವ ಲೆಕ್ಕದಲ್ಲೇ ದಿನ ಹೋಗುತ್ತದೆ. ಹಾಗಾಗಿ ಪರಿಚಯದವರು ತಮ್ಮ ಸ್ವಂತ ಪ್ಲ್ಯಾನ್‌ಗಳನ್ನೂ ತಂದು ತೋರಿಸುತ್ತಾರೆ. ಒಬ್ಬರಿಗೆ ಪರೀಕ್ಷೆ, ಒಬ್ಬರಿಗೆ ಪಿಎಚ್‌ಡಿ ಪ್ರಬಂಧ, ಇನ್ನೊಬ್ಬರಿಗೆ ಸಣ್ಣ ವ್ಯಾಪಾರ. ಬಣ್ಣದ ಪೆನ್ನು, ಚೌಕ, ಬಾಣ ಎಲ್ಲ ಇರುತ್ತದೆ. ನಾನು ಕೇಳುವುದು ಒಂದೇ ಪ್ರಶ್ನೆ: "ಮುಂದಿನ ತಿಂಗಳ 15ನೇ ತಾರೀಕು ಈ ಹಾಳೆ ನೋಡಿದರೆ, ನೀವು ಹಿಂದೆ ಬಿದ್ದಿದ್ದೀರೋ ಇಲ್ಲವೋ ಗೊತ್ತಾಗುತ್ತಾ?"

ಗೊತ್ತಾಗಲ್ಲ ಅಂದರೆ ಅದು ಆಸೆಗಳ ಪಟ್ಟಿ. ಆಸೆ ಇರಲಿ, ತಪ್ಪೇನಿಲ್ಲ. ಆದರೆ ಅದನ್ನು ಪ್ಲ್ಯಾನ್ ಅಂತ ನಂಬಿ ಕೂತರೆ, ತಡವಾಗಿದೆ ಅಂತ ತಿಳಿಯುವುದು ಕೊನೆಯ ವಾರದಲ್ಲಿ. ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಪ್ಲ್ಯಾನ್‌ನಿಂದ ನನಗೆ ಬೇಕಾಗಿರುವುದು ಭವಿಷ್ಯ ಅಲ್ಲ. ಯಾವಾಗ ಗಾಬರಿಯಾಗಬೇಕು ಅಂತ ಅದು ಮುಂಚೆಯೇ ಹೇಳಿದರೆ ಸಾಕು.

ಒಂದು ನಿಜವಾದ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ನನ್ನ ಗೆಳತಿಯೊಬ್ಬಳು ಬಿಡುವಿನಲ್ಲಿ ಫೋಟೋ ತೆಗೆಯುತ್ತಾಳೆ. ಹಕ್ಕಿಗಳಲ್ಲ, ಹೂವಲ್ಲ. ಕೆಲಸ ಮಾಡುತ್ತಿರುವ ಕೈಗಳು ಮಾತ್ರ. ಹೊಲಿಯುವ, ಬೆಸುಗೆ ಹಾಕುವ, ಟೈಪ್ ಮಾಡುವ ಕೈಗಳು. ಅವಳ ಡೈರಿಯಲ್ಲಿ ಒಂದು ಸಾಲು ಇತ್ತು: "ಈ ವರ್ಷ ಪ್ರದರ್ಶನ ಮಾಡಬೇಕು." ಅದರ ಹಿಂದಿನ ವರ್ಷದ ಡೈರಿಯಲ್ಲೂ ಅದೇ ಸಾಲು ಇತ್ತಂತೆ.

ಮುಗಿದಿದೆ ಅಂತ ಬೇರೆಯವರು ಹೇಳುವಂತಿರಲಿ

ಮೊದಲ ಕೆಲಸ, ಗುರಿಯನ್ನು ಹೊರಗಿನವರೊಬ್ಬರು ನೋಡಿ "ಹೌದು, ಆಯ್ತು" ಅಥವಾ "ಇಲ್ಲ, ಆಗಿಲ್ಲ" ಅನ್ನುವ ಹಾಗೆ ಬರೆಯುವುದು. "ಪ್ರದರ್ಶನ ಮಾಡಬೇಕು" ಅನ್ನುವುದನ್ನು ಹೀಗೆ ಬದಲಾಯಿಸಿದೆವು: "ನವೆಂಬರ್ 20ರ ಬೆಳಗ್ಗೆ 11ಕ್ಕೆ ಒಂದು ಹಾಲ್‌ನಲ್ಲಿ 24 ಫೋಟೋ ಗೋಡೆ ಮೇಲೆ ಇರಬೇಕು, ಪ್ರತಿಯೊಂದರ ಪಕ್ಕ ಎರಡು ಸಾಲಿನ ಬರಹ ಇರಬೇಕು, ಬಾಗಿಲು ತೆರೆದಿರಬೇಕು." ಈ ಸಾಲನ್ನು ಅವಳ ಪರಿಚಯವೇ ಇಲ್ಲದವರ ಕೈಗೆ ಕೊಟ್ಟು ಕಳಿಸಿದರೂ ಹಾಲ್‌ಗೆ ಹೋಗಿ ನೋಡಿ ಉತ್ತರ ಹೇಳಬಹುದು.

ಇದು ಬರೀ ಶಿಸ್ತಿನ ಮಾತಲ್ಲ. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಅನ್ನುವ ಮನಃಶಾಸ್ತ್ರಜ್ಞರು ದಶಕಗಳ ಕಾಲ ಗುರಿಗಳ ಮೇಲೆ ಕೆಲಸ ಮಾಡಿದರು. "ನಿಮ್ಮ ಕೈಲಾದಷ್ಟು ಮಾಡಿ" ಅಂತ ಹೇಳಿಸಿಕೊಂಡವರಿಗಿಂತ, ಸ್ಪಷ್ಟವಾದ ಮತ್ತು ಸ್ವಲ್ಪ ಕಷ್ಟದ ಗುರಿ ಇದ್ದವರು ಸಾಮಾನ್ಯವಾಗಿ ಜಾಸ್ತಿ ಸಾಧಿಸುತ್ತಾರೆ ಅನ್ನುವುದು ಅವರು ಮತ್ತೆ ಮತ್ತೆ ಕಂಡ ಸಂಗತಿ. ಯಾಕೆ ಅಂತ ಯೋಚಿಸಿದರೆ ಸುಲಭ. ಕೈಲಾದಷ್ಟು ಅನ್ನುವುದಕ್ಕೆ ಅಳತೆ ಇಲ್ಲ. ಸಾಕು ಅನ್ನಿಸಿದ ಕಡೆ ನಿಲ್ಲಿಸಿ, ಇದೇ ನನ್ನ ಕೈಲಾದಷ್ಟು ಅನ್ನಬಹುದು.

ಗುರಿ ಬರೆಯುವಾಗ ‘ಸ್ಮಾರ್ಟ್’ ಅನ್ನುವ ಐದು ಅಂಶಗಳ ಪಟ್ಟಿಯನ್ನು ಎಲ್ಲ ತರಬೇತಿಗಳಲ್ಲೂ ಹೇಳಿಕೊಡುತ್ತಾರೆ. ಜಾರ್ಜ್ ಡೋರನ್ 1981ರಲ್ಲಿ ಬರೆದ ಪುಟ್ಟ ಲೇಖನದಿಂದ ಬಂದದ್ದು ಅದು. ಅವರ ಪಟ್ಟಿಯಲ್ಲಿ "ಇದನ್ನು ಯಾರು ಮಾಡುತ್ತಾರೆ" ಅನ್ನುವುದೂ ಒಂದು ಅಂಶವಾಗಿತ್ತು. ಈಗ ಓಡಾಡುತ್ತಿರುವ ಬಹುತೇಕ ಪಟ್ಟಿಗಳಲ್ಲಿ ಆ ಜಾಗಕ್ಕೆ "ಇದು ಸಾಧ್ಯವೇ" ಅನ್ನುವುದು ಬಂದು ಕೂತಿದೆ. ನನ್ನ ಪ್ರಕಾರ ಇದು ನಷ್ಟದ ವ್ಯಾಪಾರ. ಸಾಧ್ಯವೇ ಅನ್ನುವುದು ಕೆಲಸ ಬಿಡಿಸಿ ನೋಡಿದಾಗ ಹೇಗೂ ಗೊತ್ತಾಗುತ್ತದೆ. ಯಾರು ಮಾಡುತ್ತಾರೆ ಅನ್ನುವುದನ್ನು ಬರೆಯದೆ ಬಿಟ್ಟರೆ ಅದು ಎಂದೂ ತಾನಾಗಿ ಗೊತ್ತಾಗುವುದಿಲ್ಲ. ಒಬ್ಬರೇ ಮಾಡುವ ಕೆಲಸದಲ್ಲೂ ಇದು ಬೇಕು. ಗೆಳತಿಯ ಪಟ್ಟಿಯ ಅರ್ಧ ಕೆಲಸಗಳು ಪ್ರಿಂಟರ್‌ನವರ, ಫ್ರೇಮ್ ಮಾಡುವವರ, ಹಾಲ್‌ನವರ ಕೈಯಲ್ಲಿದ್ದವು. ತನ್ನ ಕೆಲಸ ಅಂತ ಅವಳು ಅಂದುಕೊಂಡಿದ್ದ ಕೆಲಸದಲ್ಲಿ ಅವಳ ಪಾಲು ಕಾಯುವುದಷ್ಟೇ.

ಕೊನೆಯಿಂದ ಹಿಂದಕ್ಕೆ ಬನ್ನಿ

ಹೆಚ್ಚಿನವರು ಇವತ್ತಿನಿಂದ ಮುಂದಕ್ಕೆ ಬರೆಯುತ್ತಾರೆ. ಮೊದಲು ಇದು, ಆಮೇಲೆ ಅದು. ಹೀಗೆ ಬರೆದಾಗ ನೆನಪಿಗೆ ಬರುವುದು ಇಷ್ಟವಾದ ಕೆಲಸಗಳು ಮಾತ್ರ. ಕೊನೆಯಿಂದ ಹಿಂದಕ್ಕೆ ಬಂದರೆ ಪ್ರತಿ ಹೆಜ್ಜೆಯಲ್ಲೂ ಒಂದು ಪ್ರಶ್ನೆ ಕೇಳಲೇಬೇಕಾಗುತ್ತದೆ: "ಇದು ಶುರುವಾಗುವ ಮುಂಚೆ ಏನು ಮುಗಿದಿರಬೇಕು?"

ಫೋಟೋ ಗೋಡೆ ಮೇಲೆ ಇರಬೇಕು. ಅದಕ್ಕೆ ಮುಂಚೆ ಫ್ರೇಮ್ ಆಗಿರಬೇಕು. ಫ್ರೇಮ್‌ಗೆ ಮುಂಚೆ ಪ್ರಿಂಟ್. ಪ್ರಿಂಟ್‌ಗೆ ಮುಂಚೆ ಒಂದೆರಡು ಟೆಸ್ಟ್ ಪ್ರಿಂಟ್ ತೆಗೆದು ಬಣ್ಣ ನೋಡಿರಬೇಕು. ಟೆಸ್ಟ್ ಪ್ರಿಂಟ್‌ಗೆ ಮುಂಚೆ ಫೋಟೋ ಆಯ್ಕೆ ಆಗಿರಬೇಕು, ಎಷ್ಟು ದೊಡ್ಡದು ಅಂತಲೂ ಗೊತ್ತಿರಬೇಕು.

ಎಷ್ಟು ದೊಡ್ಡದು? ಅಲ್ಲಿ ಸಿಕ್ಕಿಕೊಂಡೆವು. ಫ್ರೇಮ್ 60 ಸೆಂಟಿಮೀಟರ್ ಅಗಲ ಇರಲಿ ಅಂತ ಅವಳ ಆಸೆ. ನಡುವೆ 40 ಸೆಂಟಿಮೀಟರ್ ಜಾಗ ಬಿಟ್ಟರೆ ಒಂದು ಫೋಟೋಗೆ ಒಂದು ಮೀಟರ್ ಗೋಡೆ. 24 ಫೋಟೋಗೆ 24 ಮೀಟರ್. ಅವಳು ಮನಸ್ಸಲ್ಲಿ ಇಟ್ಟುಕೊಂಡಿದ್ದ ಹಾಲ್‌ಗೆ ಹೋಗಿ ಟೇಪ್ ಹಿಡಿದರೆ, ಬಾಗಿಲು ಕಿಟಕಿ ಬಿಟ್ಟು ಸಿಕ್ಕಿದ್ದು 18 ಮೀಟರ್. ಅವಳ ಮೊದಲ ಪಟ್ಟಿಯಲ್ಲಿ "ಹಾಲ್ ಬುಕ್ ಮಾಡುವುದು" ಕೊನೆಯಿಂದ ಎರಡನೆಯದು. ನಿಜಕ್ಕೂ ಅದು ಎಲ್ಲಕ್ಕಿಂತ ಮೊದಲು ತೀರ್ಮಾನ ಆಗಬೇಕಿದ್ದ ವಿಷಯ. ಗೋಡೆಯ ಉದ್ದ ಗೊತ್ತಿಲ್ಲದೆ ಎಷ್ಟು ಫೋಟೋ ಅಂತ ಗೊತ್ತಾಗಲ್ಲ. ಎಷ್ಟು ಅಂತ ಗೊತ್ತಿಲ್ಲದೆ ಆಯ್ಕೆ ಮುಗಿಯಲ್ಲ. ಗುರಿ 24ರಿಂದ 18ಕ್ಕೆ ಇಳಿಯಿತು. ಹಾಳೆಯ ಮೇಲೆ ಇಳಿದದ್ದರಿಂದ ಒಂದು ಸಾಯಂಕಾಲದ ಬೇಜಾರು ಅಷ್ಟೇ. ಫ್ರೇಮ್ ಆದಮೇಲೆ ಇಳಿದಿದ್ದರೆ ಆರು ಫ್ರೇಮ್‌ಗಳನ್ನು ಮಂಚದ ಕೆಳಗೆ ತಳ್ಳಬೇಕಿತ್ತು.

ಇಂಥ ತಲೆಕೆಳಗು ದೊಡ್ಡವರಿಗೂ ಆಗುತ್ತದೆ. ಸಿಡ್ನಿ ಒಪೇರಾ ಹೌಸ್‌ನ ಕೆಲಸ ಶುರುವಾದದ್ದು 1959ರಲ್ಲಿ. ಚಾವಣಿಯ ಆ ಪ್ರಸಿದ್ಧ ಚಿಪ್ಪುಗಳನ್ನು ಹೇಗೆ ಕಟ್ಟುವುದು ಅನ್ನುವುದು ಆಗಿನ್ನೂ ಬಗೆಹರಿದಿರಲಿಲ್ಲ. ಆದರೂ ಕೆಳಗಿನ ಕೆಲಸ ನಡೆಯಿತು. ಚಿಪ್ಪುಗಳ ವಿನ್ಯಾಸ ತಯಾರಾದಾಗ, ಕಟ್ಟಿದ್ದ ಕಂಬಗಳಿಗೆ ಆ ಭಾರ ಹೊರುವ ಶಕ್ತಿ ಸಾಲದು ಅಂತಾಯಿತು. ಅವನ್ನು ಮತ್ತೆ ಕಟ್ಟಬೇಕಾಯಿತು. 1963ಕ್ಕೆ ಮುಗಿಯಬೇಕಿದ್ದ ಕಟ್ಟಡ ತೆರೆದದ್ದು 1973ರಲ್ಲಿ. 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಂದುಕೊಂಡಿದ್ದ ಖರ್ಚು 10.2 ಕೋಟಿಗೆ ಏರಿತು. ತಡಕ್ಕೆ ಇದೊಂದೇ ಕಾರಣ ಅಲ್ಲ, ರಾಜಕೀಯವೂ ಸಾಕಷ್ಟಿತ್ತು. ಆದರೆ ನಮ್ಮ ಕಸುಬಿನವರು ಈ ಕಥೆ ಹೇಳುವಾಗ ಬೆರಳಿಡುವುದು ಆ ಕಂಬಗಳ ಮೇಲೆಯೇ.

ಇದನ್ನು ಮಾಡುವುದಕ್ಕೆ ಆ್ಯಪ್ ಬೇಡ. ಒಂದೊಂದು ಕೆಲಸವನ್ನು ಒಂದೊಂದು ಚೀಟಿಯಲ್ಲಿ ಬರೆಯಿರಿ. ದೊಡ್ಡ ಮೇಜಿನ ಮೇಲೆ ಬಲಗಡೆ ಕೊನೆಯ ಚೀಟಿ ಇಟ್ಟು, ಎಡಕ್ಕೆ ಜೋಡಿಸುತ್ತಾ ಬನ್ನಿ. ಚೀಟಿ ಸರಿಸುವುದು ಸುಲಭ. ಸ್ಕ್ರೀನ್ ಮೇಲೆ ನೀಟಾಗಿ ಕೂತ ಬಣ್ಣದ ಪಟ್ಟಿಯನ್ನು ಸರಿಸೋಕೆ ಮನಸ್ಸೇ ಬರಲ್ಲ.

ಎಷ್ಟು ದಿನ ಬೇಕು ಅಂತ ನಿಮ್ಮ ಮನಸ್ಸನ್ನು ಕೇಳಬೇಡಿ

ಈಗ ಪ್ರತಿ ಚೀಟಿಯ ಮೇಲೆ ಸಮಯ ಬರೆಯಬೇಕು. ಪ್ಲ್ಯಾನ್‌ಗಳು ಜಾಸ್ತಿ ಕೆಡುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಮ್ಮ ಅಂದಾಜು ಯಾವಾಗಲೂ ಕಡಿಮೆಯ ಕಡೆಗೇ ವಾಲುತ್ತದೆ. ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಅನ್ನುವ ಮನಃಶಾಸ್ತ್ರಜ್ಞರು 1979ರಲ್ಲಿ ಇದಕ್ಕೆ ‘ಪ್ಲ್ಯಾನಿಂಗ್ ಫ್ಯಾಲಸಿ’ ಅಂತ ಹೆಸರಿಟ್ಟರು. ನನಗೆ ಇನ್ನೂ ಜಾಸ್ತಿ ಇಷ್ಟವಾಗುವುದು 1994ರ ಒಂದು ಅಧ್ಯಯನ. ರೋಜರ್ ಬ್ಯೂಲರ್ ಮತ್ತು ಅವರ ಜೊತೆಗಾರರು ಪ್ರಬಂಧ ಬರೆಯುತ್ತಿದ್ದ ಮನಃಶಾಸ್ತ್ರದ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಅಂತ ಕೇಳಿದರು. ಬಂದ ಉತ್ತರಗಳ ಸರಾಸರಿ 33.9 ದಿನ. "ಎಲ್ಲವೂ ಸಾಧ್ಯವಾದಷ್ಟು ಕೆಟ್ಟು ಹೋದರೆ?" ಅಂತಲೂ ಕೇಳಿದರು. ಅದಕ್ಕೆ 48.6 ದಿನ ಅಂದರು. ನಿಜಕ್ಕೂ ಹಿಡಿದದ್ದು ಸರಾಸರಿ 55.5 ದಿನ. ಅಂದರೆ ಅವರು ಊಹಿಸಿದ ಅತಿ ಕೆಟ್ಟ ಸ್ಥಿತಿಗಿಂತಲೂ ಒಂದು ವಾರ ತಡ.

ಯಾಕೆ ಹೀಗೆ? ಅಂದಾಜು ಮಾಡುವಾಗ ನಾವು ಕೆಲಸವನ್ನು ಒಂದು ಸಿನಿಮಾದ ಹಾಗೆ ತಲೆಯಲ್ಲಿ ಓಡಿಸುತ್ತೇವೆ. ಆ ಸಿನಿಮಾದಲ್ಲಿ ಜ್ವರ ಬರುವುದಿಲ್ಲ, ಫೋನ್ ಮಾಡಿದವರು ತಕ್ಷಣ ಎತ್ತುತ್ತಾರೆ, ಅಂಗಡಿ ರಜೆ ಇರುವುದಿಲ್ಲ.

ಇದಕ್ಕೆ ಮದ್ದು, ಸಿನಿಮಾ ಬಿಟ್ಟು ಹಳೆಯ ಲೆಕ್ಕ ನೋಡುವುದು. ಕಾಹ್ನೆಮನ್ ತಮ್ಮದೇ ಅನುಭವ ಒಂದನ್ನು ಹೇಳಿದ್ದಾರೆ. ಇಸ್ರೇಲ್‌ನಲ್ಲಿ ಶಾಲೆಗಳಿಗೆ ಒಂದು ಪಠ್ಯ ತಯಾರಿಸುವ ತಂಡದಲ್ಲಿ ಅವರಿದ್ದರು. ಎಷ್ಟು ಕಾಲ ಬೇಕು ಅಂತ ಎಲ್ಲರೂ ಚೀಟಿಯಲ್ಲಿ ಬರೆದಾಗ ಉತ್ತರ ಎರಡು ವರ್ಷದ ಆಸುಪಾಸು. ಆಮೇಲೆ ತಂಡದಲ್ಲಿದ್ದ ಪಠ್ಯಕ್ರಮ ತಜ್ಞರನ್ನು "ಇಂಥದೇ ಬೇರೆ ತಂಡಗಳಿಗೆ ಎಷ್ಟು ಹಿಡಿಯಿತು?" ಅಂತ ಕೇಳಿದರು. ಏಳರಿಂದ ಹತ್ತು ವರ್ಷ, ಅದೂ ಮುಗಿಸಿದವರಿಗೆ ಅಂದರು ಅವರು. ಚೀಟಿಯಲ್ಲಿ ಎರಡು ವರ್ಷ ಅಂತ ಬರೆದವರಲ್ಲಿ ಅವರೂ ಒಬ್ಬರು! ಆ ಪುಸ್ತಕ ಮುಗಿಯೋಕೆ ಎಂಟು ವರ್ಷ ಹಿಡಿಯಿತು.

ಹಾಗಾಗಿ ಗೆಳತಿಗೆ ಹೇಳಿದೆ: ಫ್ರೇಮ್ ಮಾಡೋಕೆ ಎಷ್ಟು ದಿನ ಅಂತ ನಿನ್ನನ್ನು ಕೇಳಿಕೊಳ್ಳಬೇಡ. ಪ್ರದರ್ಶನ ಮಾಡಿದವರನ್ನು ಕೇಳು. ಅವಳು ಮೂವರಿಗೆ ಫೋನ್ ಮಾಡಿದಳು. ಒಬ್ಬರಿಗೆ ಎರಡು ವಾರದಲ್ಲಿ ಆಗಿತ್ತು. ಇನ್ನೊಬ್ಬರು ಮೂರು ವಾರ, ಸಾಮಾನ್ಯವಾಗಿ ಅಷ್ಟೇ ಅಂದರು. ಮೂರನೆಯವರಿಗೆ ಬೇಕಾದ ಗಾಜು ಸಿಗದೆ ಹತ್ತು ವಾರ ಎಳೆದಿತ್ತು.

ಈ ಮೂರು ಅಂಕಿಗಳನ್ನು ಒಂದು ಮಾಡುವುದಕ್ಕೆ ಹಳೆಯ ಸೂತ್ರ ಇದೆ. 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಯ ಕೆಲಸಕ್ಕಾಗಿ ರೂಪಿಸಿದ ‘ಪರ್ಟ್’ ಪದ್ಧತಿಯಿಂದ ಬಂದದ್ದು. ತುಂಬಾ ಒಳ್ಳೆಯದಾದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ತುಂಬಾ ಕೆಟ್ಟರೆ ಎಷ್ಟು ಅಂತ ಬರೆಯಿರಿ. ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿಸಿ, ಆರರಿಂದ ಭಾಗಿಸಿ. ಇಲ್ಲಿ 2, 12, 10 ಸೇರಿ 24. ಆರರಿಂದ ಭಾಗಿಸಿದರೆ ನಾಲ್ಕು ವಾರ. ಮೂರು ಅಂತ ಬರೆಯಬೇಕಿದ್ದಲ್ಲಿ ನಾಲ್ಕು ಬಂತು. ಸೂತ್ರದಲ್ಲಿ ಮಂತ್ರ ಏನೂ ಇಲ್ಲ. ಕೆಟ್ಟ ಅಂಕಿಯನ್ನು ಹಾಳೆ ಮೇಲೆ ಬರೆಯಲೇಬೇಕು ಅಂತ ಅದು ಒತ್ತಾಯ ಮಾಡುತ್ತದೆ, ನನಗೆ ಅದೇ ಮುಖ್ಯ.

ಉದ್ದದ ದಾರಿ ಯಾವುದು

ಲೆಕ್ಕ ಹೀಗೆ ನಿಂತಿತು. ಆಯ್ಕೆಗೆ ಮೂರು ವಾರ, ಟೆಸ್ಟ್ ಪ್ರಿಂಟ್‌ಗೆ ಒಂದು, ಪ್ರಿಂಟ್‌ಗೆ ಎರಡು, ಫ್ರೇಮ್‌ಗೆ ನಾಲ್ಕು. ಒಟ್ಟು ಹತ್ತು ವಾರ. ಫೋಟೋ ಪಕ್ಕದ ಬರಹಗಳದ್ದು ಬೇರೆ ದಾರಿ. ಆಯ್ಕೆ ಆದಮೇಲೆ ಬರೆಯೋಕೆ ಎರಡು ವಾರ, ಅಚ್ಚಿಗೆ ಒಂದು. ಅಲ್ಲಿಗೆ ಆರು ವಾರ. ಅಂದರೆ ಬರಹದ ಕೆಲಸ ನಾಲ್ಕು ವಾರ ತಡವಾದರೂ ಪ್ರದರ್ಶನಕ್ಕೆ ಏನೂ ಆಗಲ್ಲ. ಫ್ರೇಮ್ ಒಂದು ದಿನ ತಡವಾದರೆ ಎಲ್ಲವೂ ಒಂದು ದಿನ ತಡ.

ಈ ಉದ್ದದ ದಾರಿಗೆ ನಮ್ಮ ಕಸುಬಿನಲ್ಲಿ ‘ಕ್ರಿಟಿಕಲ್ ಪಾತ್’ ಅನ್ನುತ್ತೇವೆ. 1957ರ ಸುಮಾರಿಗೆ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ಸೇರಿ ಇದನ್ನು ರೂಪಿಸಿದರು. ಅಡ್ಡಪಟ್ಟಿಗಳ ಚಾರ್ಟ್ ಅದಕ್ಕೂ ಹಳೆಯದು, ಹೆನ್ರಿ ಗ್ಯಾಂಟ್ ಅವರ ಹೆಸರಿನಲ್ಲಿ 1910ರ ದಶಕದಿಂದ ಬಳಕೆಯಲ್ಲಿದೆ. ನೋಡೋಕೆ ಚಾರ್ಟ್ ಚೆಂದ. ಆದರೆ ಬರೀ ಪಟ್ಟಿಗಳನ್ನು ಎಳೆದರೆ ಯಾವುದು ತಡವಾದರೆ ಪರವಾಗಿಲ್ಲ, ಯಾವುದು ತಡವಾದರೆ ಕಷ್ಟ ಅಂತ ಗೊತ್ತಾಗಲ್ಲ. ಯಾವ ಕೆಲಸಕ್ಕೆ ಎಷ್ಟು ತಲೆ ಕೆಡಿಸಿಕೊಳ್ಳಬೇಕು ಅಂತ ತಿಳಿಯುವುದು ದಾರಿಯ ಲೆಕ್ಕದಿಂದಲೇ. ಗೆಳತಿ ಬರಹಗಳ ಬಗ್ಗೆ ರಾತ್ರಿಯೆಲ್ಲ ಚಿಂತೆ ಮಾಡುತ್ತಿದ್ದಳು. ಗಾಜಿನ ಬಗ್ಗೆ ಒಂದು ನಿಮಿಷವೂ ಯೋಚಿಸಿರಲಿಲ್ಲ.

ಇನ್ನು ಬಫರ್, ಅಂದರೆ ತಡವಾದರೆ ಬೇಕಾಗುತ್ತದೆ ಅಂತ ಇಟ್ಟುಕೊಳ್ಳುವ ಹೆಚ್ಚುವರಿ ದಿನಗಳು. ಪ್ರತಿ ಕೆಲಸಕ್ಕೂ "ಇರಲಿ" ಅಂತ ಎರಡು ದಿನ ಸೇರಿಸಬೇಡಿ. ಕೊಟ್ಟ ಸಮಯವನ್ನೆಲ್ಲ ಕೆಲಸ ತಾನಾಗೇ ತುಂಬಿಕೊಳ್ಳುತ್ತದೆ ಅಂತ ಸಿರಿಲ್ ನಾರ್ತ್‌ಕೋಟ್ ಪಾರ್ಕಿನ್ಸನ್ 1955ರಲ್ಲೇ ತಮಾಷೆಯಾಗಿ ಬರೆದಿದ್ದರು. ಚಿಲ್ಲರೆ ಬಫರ್ ಎಲ್ಲ ಎಲ್ಲಿ ಹೋಯಿತು ಅಂತಲೇ ಗೊತ್ತಾಗಲ್ಲ. ಇಡೀ ಬಫರ್ ಅನ್ನು ಒಂದೇ ಕಡೆ, ಕೊನೆಯಲ್ಲಿ ಇಡಿ. ನಾವು ಎರಡು ವಾರ ಇಟ್ಟೆವು. ಗೋಡೆಗೆ ಹಾಕುವ ಕೆಲಸ ನವೆಂಬರ್ 18 ಮತ್ತು 19ಕ್ಕೆ. ಅದರ ಹಿಂದೆ ನವೆಂಬರ್ 3ರಿಂದ 17ರವರೆಗೆ ಬಫರ್. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಫ್ರೇಮ್‌ಗೆ ಕೊಡುವುದು ಅಕ್ಟೋಬರ್ 6, ಪ್ರಿಂಟ್‌ಗೆ ಕೊಡುವುದು ಸೆಪ್ಟೆಂಬರ್ 22, ಆಯ್ಕೆ ಮುಗಿಯುವುದು ಸೆಪ್ಟೆಂಬರ್ 15, ಶುರು ಆಗಸ್ಟ್ 25. "ನಾನು ಅಕ್ಟೋಬರ್‌ನಲ್ಲಿ ಶುರು ಮಾಡೋಣ ಅಂತಿದ್ದೆ" ಅಂದಳು. ಹಿಂದಿನ ವರ್ಷ ಯಾಕೆ ಆಗಲಿಲ್ಲ ಅಂತ ನಾನು ಕೇಳಲಿಲ್ಲ.

ಸೋತಾಗಿದೆ ಅಂದುಕೊಂಡು ಹತ್ತು ನಿಮಿಷ

ಇದು ಚಿಕ್ಕ ಕೆಲಸ, ಬಿಡಬೇಡಿ. ಗ್ಯಾರಿ ಕ್ಲೈನ್ ಅನ್ನುವ ಮನಃಶಾಸ್ತ್ರಜ್ಞ ಇದಕ್ಕೆ ‘ಪ್ರೀಮಾರ್ಟಮ್’ ಅನ್ನುತ್ತಾರೆ. ಏನು ತಪ್ಪಾಗಬಹುದು ಅಂತ ಕೇಳಬೇಡಿ. ತಾರೀಕು ಮುಗಿದುಹೋಗಿದೆ, ಪ್ಲ್ಯಾನ್ ಪೂರ್ತಿ ಕೈಕೊಟ್ಟಿದೆ ಅಂದುಕೊಳ್ಳಿ. ಯಾಕೆ ಕೈಕೊಟ್ಟಿತು ಅಂತ ಕಾರಣಗಳನ್ನು ಬರೆಯಿರಿ. ಏನಾದರೂ ತಪ್ಪಾಗಬಹುದಾ ಅಂದರೆ ಎಲ್ಲರೂ ಮರ್ಯಾದೆಗೆ "ಆಗಲ್ಲ ಬಿಡಿ" ಅನ್ನುತ್ತಾರೆ. ಕೆಟ್ಟೇ ಹೋಗಿದೆ, ಕಾರಣ ಹೇಳಿ ಅಂದರೆ ಬಾಯಿ ಬಿಡುತ್ತಾರೆ.

ಗೆಳತಿ ಬರೆದ ಮೊದಲ ಕಾರಣ: "ಯಾರೂ ಬರಲಿಲ್ಲ." ಗಾಜು, ಪ್ರಿಂಟ್ ಎಲ್ಲ ಆಮೇಲೆ ಬಂತು. ಆಹ್ವಾನ ಕಳಿಸುವ ಚೀಟಿಯೇ ಮೇಜಿನ ಮೇಲೆ ಇರಲಿಲ್ಲ! ಆಹ್ವಾನಕ್ಕೆ ಒಂದೇ ಒಂದು ಫೋಟೋ ಸಾಕು, ಆಯ್ಕೆ ಪೂರ್ತಿ ಆಗುವವರೆಗೆ ಕಾಯಬೇಕಿಲ್ಲ. ಅದನ್ನು ಸೆಪ್ಟೆಂಬರ್ ಮೊದಲ ವಾರಕ್ಕೇ ಎಳೆದೆವು.

ದಾರಿಗೆ ಅಡ್ಡವಾಗಿ ಬಾವುಟ

ಎಲ್ಲರಿಗೂ ನಾನು ಹೇಳುವ ಒಂದು ಕಥೆ ದಕ್ಷಿಣ ಧ್ರುವದ್ದು. ನಾರ್ವೆಯ ಅನ್ವೇಷಕ ರೋಆಲ್ಡ್ ಅಮುಂಡ್ಸನ್ 1911ರಲ್ಲಿ ಧ್ರುವಕ್ಕೆ ಹೋಗುವ ಮುಂಚೆ, ವಾಪಸ್ ಬರುವ ದಾರಿಗಾಗಿ ಹಿಮದಲ್ಲಿ ಆಹಾರದ ದಾಸ್ತಾನುಗಳನ್ನು ಇಡಿಸಿದರು. ದಾಸ್ತಾನು ಎಲ್ಲರೂ ಇಡುತ್ತಾರೆ. ಅವರು ಮಾಡಿದ ವಿಶೇಷ ಬೇರೆ. ದಾಸ್ತಾನಿನ ಮೇಲೆ ಒಂದೇ ಬಾವುಟ ನೆಟ್ಟು ಸುಮ್ಮನಾಗಲಿಲ್ಲ. ಅದರ ಎಡಕ್ಕೂ ಬಲಕ್ಕೂ, ದಾರಿಗೆ ಅಡ್ಡವಾಗಿ, ಹಲವು ಕಿಲೋಮೀಟರ್ ದೂರದವರೆಗೆ ಬಾವುಟಗಳ ಸಾಲು ನೆಡಿಸಿದರು. ಪ್ರತಿ ಬಾವುಟದಲ್ಲೂ ದಾಸ್ತಾನು ಯಾವ ಕಡೆ ಇದೆ ಅಂತ ಗುರುತು. ಮಂಜಿನಲ್ಲಿ ದಾರಿ ತಪ್ಪೇ ತಪ್ಪುತ್ತದೆ ಅಂತ ಲೆಕ್ಕ ಹಾಕಿದ ಪ್ಲ್ಯಾನ್ ಅದು. ತಪ್ಪಿದಾಗ ಬಾವುಟ ಸಿಗಬೇಕು, ಅದು ಎತ್ತ ತಿರುಗಬೇಕು ಅಂತ ಹೇಳಬೇಕು.

ನಿಮ್ಮ ಪ್ಲ್ಯಾನ್‌ಗೂ ಇಂಥ ಎರಡು ಮೂರು ಬಾವುಟ ಬೇಕು. ಒಂದು ತಾರೀಕು, ಒಂದು ಪ್ರಶ್ನೆ, ಉತ್ತರ ಇಲ್ಲ ಅಂತಾದರೆ ಏನು ಮಾಡುವುದು. ಮೂರನೆಯದು ಮುಖ್ಯ. ಬರೀ "ಅಕ್ಟೋಬರ್ 13ಕ್ಕೆ ಪರಿಶೀಲನೆ" ಅಂತ ಬರೆದರೆ ಆವತ್ತು ಕೂತು ನಿಟ್ಟುಸಿರು ಬಿಡುತ್ತೀರಿ, ಅಷ್ಟೇ. ನಾವು ಬರೆದದ್ದು ಹೀಗೆ: "ಅಕ್ಟೋಬರ್ 10ರೊಳಗೆ 18 ಪ್ರಿಂಟ್‌ಗಳೂ ಫ್ರೇಮ್‌ನವರ ಕೈ ಸೇರದಿದ್ದರೆ, 12ಕ್ಕೆ ಮಾತ್ರ ಫ್ರೇಮ್. ಉಳಿದ ಆರು ಗಟ್ಟಿ ಬೋರ್ಡ್ ಮೇಲೆ." ಪೀಟರ್ ಗಾಲ್ವಿಟ್ಜರ್ ಅನ್ನುವ ಮನಃಶಾಸ್ತ್ರಜ್ಞ "ಹೀಗಾದರೆ ಹಾಗೆ ಮಾಡುತ್ತೇನೆ" ಅಂತ ಮೊದಲೇ ತೀರ್ಮಾನಿಸಿಕೊಳ್ಳುವುದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಬರೀ ಗುರಿ ಇಟ್ಟುಕೊಳ್ಳುವುದಕ್ಕಿಂತ ಹೀಗೆ ಸಂದರ್ಭಕ್ಕೆ ಕೆಲಸವನ್ನು ಗಂಟು ಹಾಕಿದರೆ ಅದು ನಡೆಯುವ ಸಾಧ್ಯತೆ ಜಾಸ್ತಿ ಅನ್ನುವುದು ಅವರು ಕಂಡುಕೊಂಡದ್ದು.

ನಿಜಕ್ಕೂ ಏನಾಯಿತು? ಆಯ್ಕೆಗೆ ಮೂರರ ಬದಲು ನಾಲ್ಕು ವಾರ ಹಿಡಿಯಿತು. ತನ್ನ ಫೋಟೋ ತಾನೇ ತೆಗೆದುಹಾಕುವುದು ಕಷ್ಟ, ಅಲ್ವಾ? ಟೆಸ್ಟ್ ಪ್ರಿಂಟ್ ಕಪ್ಪಾಗಿ ಬಂತು, ಮತ್ತೆ ತೆಗೆಸಬೇಕಾಯಿತು. ಅಕ್ಟೋಬರ್ 10 ಬಂದಾಗ ಪ್ರಿಂಟ್ ಇನ್ನೂ ನಡೆಯುತ್ತಿತ್ತು. ಅವಳು ನನಗೆ ಫೋನ್ ಮಾಡಲಿಲ್ಲ, ಕೊರಗಲಿಲ್ಲ. ಹಾಳೆಯಲ್ಲಿ ಬರೆದಿದ್ದ ಹಾಗೆ 12ಕ್ಕೆ ಫ್ರೇಮ್ ಹೇಳಿದಳು. ಆರಕ್ಕೆ ಬೋರ್ಡ್ ಹಾಕಿಸಿದಳು. ಆ ತೀರ್ಮಾನವನ್ನು ಆಗಸ್ಟ್‌ನಲ್ಲಿ ಸಮಾಧಾನವಾಗಿ ಕೂತು ತೆಗೆದುಕೊಂಡಾಗಿತ್ತು. ಅದನ್ನೇ ಅಕ್ಟೋಬರ್‌ನ ಗಾಬರಿಯಲ್ಲಿ ತೆಗೆದುಕೊಳ್ಳಬೇಕಿದ್ದರೆ ಇನ್ನೊಂದು ವಾರ ಅದರಲ್ಲೇ ಹೋಗುತ್ತಿತ್ತು.

ಪ್ಲ್ಯಾನ್ ತಿದ್ದುವ ಬಗೆ

ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ಹಾಳೆ ನೋಡಿ. ಕಾಲು ಗಂಟೆ ಸಾಕು. ಎಷ್ಟು ಶೇಕಡಾ ಮುಗಿದಿದೆ ಅಂತ ಬರೆಯಬೇಡಿ. 80 ಶೇಕಡಾ ಮುಗಿದ ಕೆಲಸಗಳು ವರ್ಷಗಟ್ಟಲೆ 80 ಶೇಕಡಾದಲ್ಲೇ ಕೂತಿರುವುದನ್ನು ಸೈಟ್‌ಗಳಲ್ಲಿ ನೋಡಿದ್ದೇನೆ. ಮುಗಿದಿದೆ ಅಥವಾ ಮುಗಿದಿಲ್ಲ, ಎರಡೇ ಉತ್ತರ. ಕೆಲಸ ತುಂಬಾ ದೊಡ್ಡದಾಗಿ ಹಾಗೆ ಉತ್ತರ ಕೊಡಲಾಗದಿದ್ದರೆ ಅದನ್ನು ಒಡೆಯಿರಿ. ಒಂದು ಚೀಟಿಯ ಕೆಲಸ ಎರಡು ವಾರಕ್ಕಿಂತ ಜಾಸ್ತಿ ಇರಬಾರದು ಅನ್ನುವುದು ನನ್ನ ನಿಯಮ. ಬೇರೆಯವರ ಕೈಯಲ್ಲಿರುವ ಕೆಲಸಕ್ಕೆ ಮಾತ್ರ ವಿನಾಯಿತಿ. ಅದಕ್ಕೆ ನಡುವೆ ಒಂದು ಫೋನ್ ಮಾಡುವ ತಾರೀಕು ಹಾಕುತ್ತೇನೆ.

ತಾರೀಕು ಬದಲಾಯಿಸಬೇಕಾದರೆ ಹಳೆಯದನ್ನು ಅಳಿಸಬೇಡಿ. ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಕಾರಣ ನಾಲ್ಕು ಪದದಲ್ಲಿ ಬರೆಯಿರಿ. ಆ್ಯಪ್‌ಗಳ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ. ಪಟ್ಟಿಯನ್ನು ಎಳೆದರೆ ಸಾಕು, ಹಳೆಯ ತಾರೀಕು ಮಾಯ. ಮಾರನೆಯ ದಿನ ನೋಡಿದರೆ ಪ್ಲ್ಯಾನ್ ಪ್ರಕಾರವೇ ನಡೆಯುತ್ತಿದೆ ಅನ್ನಿಸುತ್ತದೆ. ಆ್ಯಪ್ ಬಳಸಲೇಬೇಕು ಅಂದರೆ ಮೊದಲ ದಿನದ ಪ್ಲ್ಯಾನ್‌ನ ಒಂದು ಪ್ರತಿ ತೆಗೆದು ಬೇರೆ ಇಡಿ. ಅದಕ್ಕೆ ನಾವು ‘ಬೇಸ್‌ಲೈನ್’ ಅನ್ನುತ್ತೇವೆ. ಕಟ್ಟಡದ ಕೆಲಸದಲ್ಲಿ ಜಗಳ ಬಂದಾಗ ಮೊದಲು ಹುಡುಕುವುದು ಅದನ್ನೇ.

ಎಷ್ಟರ ಮಟ್ಟಿಗೆ ತಿದ್ದಬಹುದು? ಅಮುಂಡ್ಸನ್ ಅವರದೇ ಉದಾಹರಣೆ ನೋಡಿ. ಅವರು 1911ರ ಸೆಪ್ಟೆಂಬರ್ 8ರಂದು ಎಂಟು ಜನರ ತಂಡದೊಂದಿಗೆ ಹೊರಟಿದ್ದರು. ಚಳಿ ವಿಪರೀತ ಆಯಿತು. ವಾಪಸ್ ಬಂದರು. ಅಕ್ಟೋಬರ್‌ನಲ್ಲಿ ಐದೇ ಜನರ ತಂಡ ಕಟ್ಟಿಕೊಂಡು ಮತ್ತೆ ಹೊರಟು, ಡಿಸೆಂಬರ್ 14ಕ್ಕೆ ಧ್ರುವ ಮುಟ್ಟಿದರು. ಹೊರಡುವ ದಿನ ಬದಲಾಯಿತು, ಜನರ ಸಂಖ್ಯೆ ಬದಲಾಯಿತು, ಗುರಿ ಹಾಗೇ ಇತ್ತು. ದಾರಿಯನ್ನು ಎಷ್ಟು ಬೇಕಾದರೂ ತಿದ್ದಿ. ಗುರಿಯನ್ನೇ ತಿದ್ದಬೇಕು ಅನ್ನಿಸಿದರೆ ಒಂದು ವಾರ ಬಿಟ್ಟು ತಿದ್ದಿ. ಸುಸ್ತಾದ ದಿನ ಸಂಜೆ ತಿದ್ದಿದ ಗುರಿಗಳ ಬಗ್ಗೆ ನನಗೆ ಅನುಮಾನ.

ಕೆಲವು ಕೆಲಸಗಳಿಗೆ ಇಷ್ಟೆಲ್ಲ ಬೇಡ, ಅದನ್ನೂ ಹೇಳಿಬಿಡುತ್ತೇನೆ. ತಾರೀಕು ಇಲ್ಲದ, ಬೇರೆಯವರ ಮೇಲೆ ಅವಲಂಬನೆ ಇಲ್ಲದ ಕೆಲಸಕ್ಕೆ, ಅಂದರೆ ದಿನಾ ಓದುವುದು, ನಡೆಯುವುದು, ವಾದ್ಯ ಕಲಿಯುವುದು ಇಂಥದ್ದಕ್ಕೆ, ಚೀಟಿ ಜೋಡಿಸಿ ಕೂರುವುದು ದಂಡ. ಅಲ್ಲಿ ದಿನದ ಒಂದು ಹೊತ್ತು ಗೊತ್ತುಮಾಡಿಕೊಂಡರೆ ಸಾಕು. ನಾಲ್ಕು ಜನರ ಕೈ ದಾಟಿ ಬರಬೇಕಾದ, ಒಂದು ದಿನಕ್ಕೆ ಮುಗಿಯಲೇಬೇಕಾದ ಕೆಲಸಕ್ಕೆ ಮಾತ್ರ ಈ ವಿಧಾನ.

ಕೊನೆಯದಾಗಿ, ಹಾಳೆಯಲ್ಲಿ ಒಂದು ಕಾಲಂ ಖಾಲಿ ಬಿಟ್ಟಿರಿ: "ನಿಜಕ್ಕೂ ಹಿಡಿದದ್ದು." ಕೆಲಸ ಮುಗಿದ ದಿನವೇ ಅದನ್ನು ತುಂಬಿ. ತಿಂಗಳ ಮೇಲೆ ನೆನಪು ಮಾಡಿಕೊಂಡರೆ ಎಲ್ಲವೂ ಬೇಗ ಆಯಿತು ಅನ್ನಿಸುತ್ತದೆ. ಅಂದಾಜಿನಿಂದ ನಿಜವನ್ನು ಭಾಗಿಸಿದರೆ ನಿಮ್ಮದೇ ಒಂದು ಗುಣಕ ಸಿಗುತ್ತದೆ. ಆಯ್ಕೆಯ ವಿಷಯದಲ್ಲಿ ಗೆಳತಿಯದು 4 ಭಾಗಿಸು 3, ಅಂದರೆ 1.3. ನನ್ನದು ಲೆಕ್ಕದ ಕೆಲಸಕ್ಕೆ ಹೆಚ್ಚುಕಡಿಮೆ 1.2, ಬರೆಯುವ ಕೆಲಸಕ್ಕೆ ಸುಮಾರು 2. ಒಬ್ಬರಿಗೇ ಬೇರೆ ಬೇರೆ ಕೆಲಸಕ್ಕೆ ಬೇರೆ ಗುಣಕ ಇರುತ್ತದೆ, ಆದ್ದರಿಂದ ಎಲ್ಲ ಸೇರಿಸಿ ಸರಾಸರಿ ತೆಗೆಯಬೇಡಿ. ಮುಂದಿನ ಪ್ಲ್ಯಾನ್‌ನಲ್ಲಿ ಮನಸ್ಸು ಹೇಳಿದ ಅಂಕಿಯನ್ನು ಬರೆದು, ಅದೇ ಥರದ ಕೆಲಸದ ಗುಣಕದಿಂದ ಗುಣಿಸಿ, ಬಂದದ್ದನ್ನು ಚೀಟಿಗೆ ಹಾಕಿ. ಬೇರೆಯವರ ಕೆಲಸಕ್ಕೆ ಅವರ ಗುಣಕ ಬೇಕು. ಹೇಳಿದ ತಾರೀಕು ಮತ್ತು ಕೊಟ್ಟ ತಾರೀಕು ಎರಡನ್ನೂ ಬರೆದಿಟ್ಟುಕೊಂಡರೆ ಎರಡು ಮೂರು ಸಲದಲ್ಲಿ ಅದೂ ಸಿಗುತ್ತದೆ. ಅವರಿಗೆ ಹೇಳೋಕೆ ಹೋಗಬೇಡಿ.